ಹಗ್ಗ ಬಿಡಿಸಿದ ಕೈ, ಕಸೂತಿ ಹಾಕಿದ ಕೈ

1878ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ಹ್ಯೂಬರ್ಟ್ ಫಾನ್ ಹರ್ಕೊಮರ್ ಎಂಬ ಚಿತ್ರಕಾರನ ದೊಡ್ಡ ತೈಲಚಿತ್ರವೊಂದಿತ್ತು. ಅದರ ಹೆಸರು ‘ಈವನ್‌ಟೈಡ್’, ಅಂದರೆ ಸಂಜೆಹೊತ್ತು. ವೆಸ್ಟ್‌ಮಿನ್‌ಸ್ಟರ್ ವರ್ಕ್‌ಹೌಸಿನ ಉದ್ದನೆಯ ಹಜಾರವೊಂದರಲ್ಲಿ ಕುಲಾವಿ ತೊಟ್ಟ ಮುದುಕಿಯರು ಕೂತಿದ್ದಾರೆ. ಮುಂದಿನ ಮೇಜಿನ ಸುತ್ತ ಇರುವವರಲ್ಲಿ ಕೆಲವರ ಕೈಯಲ್ಲಿ ಹೊಲಿಗೆಯಿದೆ, ಪಕ್ಕದಲ್ಲಿ ಚಹಾದ ಬಟ್ಟಲುಗಳಿವೆ. ಹಿಂದಿನ ವರ್ಷ ‘ದ ಗ್ರಾಫಿಕ್’ ವಾರಪತ್ರಿಕೆಗೆ ಇದೇ ಜಾಗದ ಚಿತ್ರವನ್ನು ಅವನು ಇನ್ನೂ ಕಳೆಗುಂದಿದಂತೆ ಬರೆದುಕೊಟ್ಟಿದ್ದ. ತೈಲಚಿತ್ರ ಈಗ ಲಿವರ್‌ಪೂಲ್‌ನ ವಾಕರ್ ಕಲಾಶಾಲೆಯಲ್ಲಿದೆ.

ನೋಡಿದವರಿಗೆ ಮೊದಲು ಕಾಣುವುದು ಮುಪ್ಪು. ಸ್ವಲ್ಪ ಹೊತ್ತು ನಿಂತು ನೋಡಿದರೆ ಹೊಲಿಗೆಯ ಬಗ್ಗೆ ಒಂದು ಪ್ರಶ್ನೆ ಏಳುತ್ತದೆ. ಆ ಬಟ್ಟೆ ಯಾರದು? ಹೊಲಿಯುವವಳಿಗೆ ಹೊಲಿಯಬೇಕು ಅನ್ನಿಸಿತೋ, ಯಾರಾದರೂ ಹೇಳಿ ಕೂರಿಸಿದರೋ? ಹೊಲಿದು ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ?

ಇವತ್ತು ಪುಣೆ, ಚೆನ್ನೈ, ಬೆಂಗಳೂರಿನ ಎಷ್ಟೋ ವೃದ್ಧಾಶ್ರಮಗಳ ವೇಳಾಪಟ್ಟಿಯಲ್ಲಿ ಕರಕುಶಲಕ್ಕೆಂದು ಒಂದು ಗಂಟೆ ಮೀಸಲಿರುತ್ತದೆ. ಉಲ್ಲನ್ನಿನ ತೋರಣ, ಕಾಗದದ ಹೂ, ದೀಪಾವಳಿಗೆ ಬಣ್ಣ ಬಳಿದ ಹಣತೆ. ಯಾರಿಗೂ ತಕರಾರಿಲ್ಲದ ನಿರುಪದ್ರವಿ ಕಾರ್ಯಕ್ರಮದಂತೆ ಇದು ತೋರುತ್ತದೆ. ಆದರೆ ವಯಸ್ಸಾದವರ ಮನೆಯಲ್ಲಿ ಅವರ ಕೈಗೆ ಏನು ಕೊಡಬೇಕು ಎಂಬುದು ಸುಮಾರು ಇನ್ನೂರು ವರ್ಷಗಳ ಜಗಳ. ಅದರ ಮುಖ್ಯ ಅಧ್ಯಾಯಗಳು ನಡೆದದ್ದು ಇಂಗ್ಲೆಂಡಿನಲ್ಲಿ.

ಕೆಲಸವೇ ಶಿಕ್ಷೆಯಾಗಿದ್ದ ಕಾಲ

1834ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಬಡವರ ಕಾನೂನನ್ನು ತಿದ್ದಿತು. ಅಲ್ಲಿಯವರೆಗೆ ಊರೂರಿನ ಚರ್ಚಿನ ಪಂಗಡಗಳು ತಂತಮ್ಮ ಬಡವರಿಗೆ ಮನೆಯಲ್ಲೇ ಅಷ್ಟಿಷ್ಟು ಕಾಸು, ರೊಟ್ಟಿ ಕೊಡುತ್ತಿದ್ದವು. ಹೊಸ ಕಾನೂನು ಹಲವು ಪಂಗಡಗಳನ್ನು ಒಂದು ‘ಯೂನಿಯನ್’ ಆಗಿ ಕಟ್ಟಿ, ಅದಕ್ಕೆ ಚುನಾಯಿತ ‘ಗಾರ್ಡಿಯನ್’ ಮಂಡಳಿಯೊಂದನ್ನು ಕೊಟ್ಟು, ಒಂದು ವರ್ಕ್‌ಹೌಸ್ ನಡೆಸುವಂತೆ ಮಾಡಿತು. ಸಹಾಯ ಬೇಕಾದ ಬಡವ ಆದಷ್ಟೂ ಅದರೊಳಗೇ ಬರಬೇಕು. ಒಳಗಿನ ಬಾಳು ಹೊರಗಿನ ಅತಿ ಬಡ ಕೂಲಿಯವನ ಬಾಳಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಎಂಬುದು ಅದರ ಸೂತ್ರ. ಹಾಗಿದ್ದರೆ ಗತ್ಯಂತರವಿಲ್ಲದವರು ಮಾತ್ರ ಬರುತ್ತಾರೆ ಎಂಬ ಲೆಕ್ಕ.

ಬಂದವರ ಬಟ್ಟೆ ಕಳಚಿ ಸಮವಸ್ತ್ರ ಕೊಡುತ್ತಿದ್ದರು. ಗಂಡಸರಿಗೊಂದು ಭಾಗ, ಹೆಂಗಸರಿಗೊಂದು ಭಾಗ. ನಲವತ್ತು ವರ್ಷ ಜೊತೆಗೆ ಬಾಳಿದ ಗಂಡಹೆಂಡಿರೂ ಹೊಸಿಲಿನಲ್ಲೇ ಬೇರೆಯಾಗುತ್ತಿದ್ದರು. ಇಬ್ಬರೂ 60 ದಾಟಿದವರಾದರೆ ಬಲವಂತವಾಗಿ ಬೇರ್ಪಡಿಸಬಾರದು ಎಂಬ ಕಾನೂನು ಬರಲು 1847 ಆಗಬೇಕಾಯಿತು. ಅದು ಬಂದ ಮೇಲೂ ದಂಪತಿಗಳಿಗೆಂದು ಕೋಣೆ ಮಾಡಿಸಿದ ಯೂನಿಯನ್‌ಗಳು ಕಡಿಮೆ.

ಕೆಲಸದ ವಿಷಯದಲ್ಲೂ ಇದೇ ಸೂತ್ರ. ಗಟ್ಟಿಮುಟ್ಟಾದ ಗಂಡಸರಿಗೆ ಕಲ್ಲು ಒಡೆಯುವುದು, ಗೊಬ್ಬರಕ್ಕೆ ಮೂಳೆ ಪುಡಿ ಮಾಡುವುದು. ಹೆಂಗಸರಿಗೆ ಬಟ್ಟೆ ಒಗೆಯುವುದು, ನೆಲ ಉಜ್ಜುವುದು. ಎಲ್ಲರ ಪಾಲಿಗೂ, ಮುದುಕರ ಪಾಲಿಗೂ, ಬರುತ್ತಿದ್ದದ್ದು ಓಕಮ್. ಹಡಗಿನ ಹಳೆಯ ಹಗ್ಗಗಳಿಗೆ ಡಾಂಬರು ಮೆತ್ತಿಕೊಂಡು ಕಲ್ಲಿನಂತೆ ಆಗಿರುತ್ತಿತ್ತು. ಅದನ್ನು ಬೆರಳಿನಿಂದ ಎಳೆಎಳೆಯಾಗಿ ಬಿಡಿಸಬೇಕು. ಆ ನಾರನ್ನು ಮತ್ತೆ ಹಡಗಿನ ಹಲಗೆಗಳ ಸಂದಿಗೆ ತುರುಕುತ್ತಿದ್ದರು. ಜೈಲುಗಳಲ್ಲಿ ಕೈದಿಗಳಿಗೆ ಕೊಡುತ್ತಿದ್ದ ಕೆಲಸವೂ ಇದೇ. ಇಡೀ ದಿನ ಮಾಡಿದರೆ ಉಗುರು ಕಿತ್ತು ಬೆರಳು ಹುಣ್ಣಾಗುತ್ತಿತ್ತು.

ಇದು ಎಲ್ಲಿಗೆ ಮುಟ್ಟಿತೆಂದರೆ, 1845ರಲ್ಲಿ ಆಂಡೊವರ್ ಎಂಬ ಊರಿನ ವರ್ಕ್‌ಹೌಸಿನಲ್ಲಿ ಮೂಳೆ ಪುಡಿ ಮಾಡುತ್ತಿದ್ದವರು ಹಸಿವು ತಾಳಲಾರದೆ ಕೊಳೆತ ಮೂಳೆಯೊಳಗಿನ ಮಜ್ಜೆಯನ್ನೇ ಚೀಪುತ್ತಿದ್ದದ್ದು ಹೊರಗೆ ಬಿತ್ತು. ಪತ್ರಿಕೆಗಳಲ್ಲಿ ಗುಲ್ಲೆದ್ದಿತು, ಪಾರ್ಲಿಮೆಂಟಿನ ವಿಚಾರಣೆ ನಡೆಯಿತು. ಮೂಳೆ ಪುಡಿ ಮಾಡಿಸುವುದು ನಿಂತಿತು. ಹಗ್ಗ ಬಿಡಿಸುವುದು ನಿಲ್ಲಲಿಲ್ಲ.

ಕಾನೂನು ಮಾಡಿದವರ ಮನಸ್ಸಿನಲ್ಲಿದ್ದವನು ದುಡಿಯಬಲ್ಲ ಸೋಮಾರಿ. ಕಾಲ ಕಳೆದಂತೆ ವರ್ಕ್‌ಹೌಸಿನಲ್ಲಿ ತುಂಬಿಕೊಂಡವರು ಮಾತ್ರ ಬೇರೆ: ಕಾಯಿಲೆಯವರು, ಅನಾಥ ಮಕ್ಕಳು, ಎಲ್ಲಕ್ಕಿಂತ ಹೆಚ್ಚಾಗಿ ಮುದುಕರು. ವೃದ್ಧಾಪ್ಯ ವೇತನ ಇಲ್ಲದ ಆ ಕಾಲದಲ್ಲಿ ಕೈಲಾಗದಾದ ಕೂಲಿಯವನಿಗೆ, ಗಂಡ ಸತ್ತ ಮನೆಗೆಲಸದವಳಿಗೆ ಕೊನೆಯ ಬಾಗಿಲು ಇದೊಂದೇ. 1892ರ ಸರ್ಕಾರಿ ಲೆಕ್ಕದ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 65 ದಾಟಿದವರ ಪೈಕಿ ಒಂದು ವರ್ಷದ ಅವಧಿಯಲ್ಲಿ ಬಡವರ ಕಾನೂನಿನ ನೆರವು ಪಡೆದವರು ಸುಮಾರು ಶೇಕಡ 30. ಸೋಮಾರಿಗಳನ್ನು ಹೆದರಿಸಲು ಕಟ್ಟಿದ ಮನೆ, ಯಾರೂ ಹಾಗೆ ಉದ್ದೇಶಿಸದೆಯೇ, ದೇಶದ ಅತಿ ದೊಡ್ಡ ವೃದ್ಧಾಶ್ರಮವಾಗಿಬಿಟ್ಟಿತ್ತು.

ಒಳಗೆ ಬಂದ ಹೆಂಗಸರು

ಮೊದಲು ಬಾಗಿಲು ತಟ್ಟಿದವರಲ್ಲಿ ಲೂಯಿಸಾ ಟ್ವೈನಿಂಗ್ ಒಬ್ಬಳು. ಇವತ್ತಿಗೂ ಡಬ್ಬಿಯ ಮೇಲೆ ಹೆಸರು ಕಾಣುವ ಚಹಾ ವ್ಯಾಪಾರದ ಮನೆತನದ ಮಗಳು. 1853ರಲ್ಲಿ ಪರಿಚಯದ ಒಬ್ಬ ವೃದ್ಧೆಯನ್ನು ನೋಡಲು ಲಂಡನ್ನಿನ ಸ್ಟ್ರಾಂಡ್ ಯೂನಿಯನ್ನಿನ ವರ್ಕ್‌ಹೌಸಿಗೆ ಹೋದವಳು, ಅಲ್ಲಿ ಕಂಡದ್ದನ್ನು ಮರೆಯಲಾರದೆ, ವಾರಕ್ಕೊಮ್ಮೆಯಾದರೂ ಹೊರಗಿನ ಹೆಂಗಸರು ಬಂದು ಇವರೊಡನೆ ಮಾತಾಡಲು ಬಿಡಿ ಎಂದು ಕೇಳತೊಡಗಿದಳು. ಅಧಿಕಾರಿಗಳು ಹಿಂಜರಿದರು. ಹೊರಗಿನವರ ಕಣ್ಣು ಒಳಗೆ ಬಿದ್ದರೆ ಶಿಸ್ತು ಕೆಡುತ್ತದೆ ಎಂಬ ಭಯ. ಅವಳು ಬಿಡಲಿಲ್ಲ. 1858ರಲ್ಲಿ ವರ್ಕ್‌ಹೌಸ್ ವಿಸಿಟಿಂಗ್ ಸೊಸೈಟಿ ಹುಟ್ಟಿತು.

ಭೇಟಿ ಕೊಡುವುದು ಬೇರೆ, ತೀರ್ಮಾನಿಸುವ ಮೇಜಿನಲ್ಲಿ ಕೂರುವುದು ಬೇರೆ. 1875ರಲ್ಲಿ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಮಾರ್ಥಾ ಮೆರಿಂಗ್ಟನ್ ಎಂಬಾಕೆ ಗಾರ್ಡಿಯನ್ ಮಂಡಳಿಗೆ ಆಯ್ಕೆಯಾದಳು. ಆ ಸ್ಥಾನಕ್ಕೆ ಬಂದ ಮೊದಲ ಹೆಂಗಸು ಅವಳೇ. 1880ರ ದಶಕದಲ್ಲಿ ಟ್ವೈನಿಂಗ್ ಕೂಡ ಅದೇ ಕೆನ್ಸಿಂಗ್ಟನ್ ಮಂಡಳಿಯ ಸದಸ್ಯೆಯಾದಳು. ಸದಸ್ಯತ್ವಕ್ಕೆ ಇದ್ದ ಆಸ್ತಿಯ ಷರತ್ತನ್ನು 1894ರಲ್ಲಿ ತೆಗೆದುಹಾಕಿದ ಮೇಲೆ ಹೆಂಗಸರ ಸಂಖ್ಯೆ ನೂರುಗಳಲ್ಲಿ ಏರಿತು.

ಈ ವರ್ಷಗಳಲ್ಲೇ ಕಾನೂನಿನ ಬಿಗಿ ಒಂದೊಂದೇ ಎಳೆ ಸಡಿಲವಾಯಿತು. 1892ರಲ್ಲಿ ಮುದುಕರಿಗೆ ಹೊಗೆಸೊಪ್ಪು, ನಶ್ಯ ಕೊಡಬಹುದೆಂದಾಯಿತು. 1894ರಲ್ಲಿ ಮುದುಕಿಯರಿಗೆ ಚಹಾಪುಡಿ, ಸಕ್ಕರೆ, ಹಾಲನ್ನು ಕೈಗೇ ಕೊಡಲು ಅನುಮತಿ ಬಂತು. ಅಂದರೆ ಹಂಡೆಯಲ್ಲಿ ಕುದಿಸಿದ ಚಹಾ ಬಡಿಸಿಸಿಕೊಳ್ಳುವ ಬದಲು ತನಗೆ ಬೇಕಾದಾಗ, ಬೇಕಾದ ಹದಕ್ಕೆ, ತಾನೇ ಮಾಡಿಕೊಳ್ಳಬಹುದು. ಲೆಕ್ಕಪುಸ್ತಕದಲ್ಲಿ ಇದು ಕೆಲವು ಪೆನ್ನಿಗಳ ಬಾಬತ್ತು. ದಿನದ ಪ್ರತಿ ಗಂಟೆಯನ್ನೂ ಬೇರೆಯವರು ಹೊಡೆಯುವ ಗಂಟೆಗೆ ಒಪ್ಪಿಸಿದ್ದವಳಿಗೆ ಅದು ಸಣ್ಣದಾಗಿರಲಿಲ್ಲ.

ಬ್ರಬಜಾನ್ ಯೋಜನೆ

ಕೈಗೆಲಸ ವರ್ಕ್‌ಹೌಸಿನೊಳಗೆ ಬಂದದ್ದು ಇದಕ್ಕೂ ಹತ್ತು ವರ್ಷ ಮೊದಲು, 1880ರ ದಶಕದ ಆರಂಭದಲ್ಲಿ. ತಂದವಳು ಮೇರಿ ಜೇನ್ ಬ್ರಬಜಾನ್ ಎಂಬ ಶ್ರೀಮಂತೆ. ಗಂಡ ರೆಜಿನಾಲ್ಡ್ ಬ್ರಬಜಾನ್ ಐರ್ಲೆಂಡಿನ ಜಮೀನ್ದಾರಿ ಮನೆತನದವನು. 1887ರಲ್ಲಿ ತಂದೆಯ ನಂತರ ಮೀಥ್‌ನ ಅರ್ಲ್ ಆದ. ಲಂಡನ್ನಿನ ಬಡಾವಣೆಗಳಲ್ಲಿ ಸಾರ್ವಜನಿಕ ಉದ್ಯಾನಗಳಿಗಾಗಿ ದುಡಿದವನೂ ಅವನೇ, ಮುಂದೆ ‘ಎಂಪೈರ್ ಡೇ’ ಆಚರಣೆಯನ್ನು ಹಬ್ಬಿಸಿದವನೂ ಅವನೇ.

ಮೇರಿ ಗಮನಿಸಿದ್ದು ವರ್ಕ್‌ಹೌಸಿನಲ್ಲಿ ಯಾವ ಕೆಲಸದ ಪಟ್ಟಿಗೂ ಸೇರದೆ ಉಳಿದವರನ್ನು. ಕಾಲಿಲ್ಲದವರು, ಕಣ್ಣು ಮಂಜಾದವರು, ಹಾಸಿಗೆ ಬಿಟ್ಟೇಳಲಾರದವರು, ತೀರಾ ಮುದುಕರು. ಅವರಿಗೆ ಹಗ್ಗ ಬಿಡಿಸುವ ಶಿಕ್ಷೆ ಇರಲಿಲ್ಲ, ನಿಜ. ಆದರೆ ಬೇರೆ ಏನೂ ಇರಲಿಲ್ಲ. ಬೆಳಗಾದರೆ ಗೋಡೆ, ಸಂಜೆಯಾದರೆ ಅದೇ ಗೋಡೆ. ಅವಳು ಯೂನಿಯನ್‌ಗಳ ಮುಂದೆ ಒಂದು ಪ್ರಸ್ತಾಪ ಇಟ್ಟಳು. ಊರಿನ ಕೆಲವು ಹೆಂಗಸರು ಗೊತ್ತಾದ ದಿನ ಬಂದು ಇವರಿಗೆ ಹೆಣಿಗೆ, ಕ್ರೋಶಾ, ಕಸೂತಿ, ಲೇಸು, ಬುಟ್ಟಿ ಹೆಣೆಯುವುದು, ಮರದ ಕೆತ್ತನೆ ಇಂಥವನ್ನು ಕಲಿಸುತ್ತಾರೆ. ದಾರ, ಬಟ್ಟೆ, ಸೂಜಿಗೆ ಆರಂಭದ ಖರ್ಚು ತನ್ನದು. ತಯಾರಾದದ್ದನ್ನು ಮಾರಿ, ಬಂದ ಹಣದಲ್ಲಿ ಮತ್ತೆ ಸಾಮಗ್ರಿ ಕೊಳ್ಳುವುದು. ಯೂನಿಯನ್ನಿಗೆ ಕಾಸಿನ ಭಾರವಿಲ್ಲ.

ಹೀಗಿದ್ದೂ ಮೊದಮೊದಲು ಉತ್ಸಾಹ ಕಾಣಲಿಲ್ಲ. ಕಾನೂನಿನ ಸೂತ್ರ ಗೊತ್ತಿದ್ದವರಿಗೆ ಇದು ಆಶ್ಚರ್ಯವಲ್ಲ. ಒಳಗಿನ ಬಾಳು ಹೊರಗಿನದಕ್ಕಿಂತ ಕೀಳಾಗಿರಬೇಕು ಎಂದು ಐವತ್ತು ವರ್ಷ ನಂಬಿ ನಡೆದ ಮಂಡಳಿಗೆ, ಮುದುಕಿಯರು ಗುಂಪಾಗಿ ಕೂತು ಮಾತಾಡುತ್ತ ಲೇಸು ಹೆಣೆಯುವ ದೃಶ್ಯವೇ ನಿಯಮಭಂಗದಂತೆ ಕಂಡಿರಬೇಕು. ಮೊದಲು ಒಪ್ಪಿಕೊಂಡದ್ದು ಕೆನ್ಸಿಂಗ್ಟನ್. ಹೆಂಗಸೊಬ್ಬಳನ್ನು ಎಲ್ಲರಿಗಿಂತ ಮೊದಲು ಮಂಡಳಿಗೆ ಸೇರಿಸಿಕೊಂಡ ಊರು ಈ ವಿಷಯದಲ್ಲೂ ಮುಂದಿದ್ದುದು ಬರಿಯ ಕಾಕತಾಳೀಯ ಅಲ್ಲದಿರಬಹುದು.

ಸಾಮಾನು ಮಾರಾಟವಾಯಿತು. ಖರ್ಚು ತಾನಾಗಿ ಹೊರಟಿತು. ಆಗ ಉಳಿದ ಊರುಗಳೂ ಕಣ್ಣು ತೆರೆದವು. 20ನೆಯ ಶತಮಾನ ಹುಟ್ಟುವ ಹೊತ್ತಿಗೆ ನೂರಕ್ಕೂ ಹೆಚ್ಚು ವರ್ಕ್‌ಹೌಸ್‌ಗಳಲ್ಲಿ ಬ್ರಬಜಾನ್ ಗುಂಪುಗಳಿದ್ದವು. ಗಂಡಸರೂ ಸೇರಿದರು. ನೇಗಿಲು ಹಿಡಿದಿದ್ದ, ಹಡಗಿನಲ್ಲಿ ದುಡಿದಿದ್ದ ಕೈಗಳು ಉಲ್ಲನ್ನಿನ ಜಮಖಾನ, ಬುಟ್ಟಿ ಮಾಡಲು ಕಲಿತವು.

ಯೋಜನೆಯ ಬಲ ಕೈಗೆಲಸದಲ್ಲಿ ಇದ್ದಷ್ಟೇ ಗುಂಪಿನಲ್ಲೂ ಇತ್ತು. ವರ್ಕ್‌ಹೌಸಿನಲ್ಲಿ ಜನ ಗುಂಪಾಗಿಯೇ ಇರುತ್ತಿದ್ದರು, ಆದರೆ ಅದು ಸಾಲಿನಲ್ಲಿ ನಿಂತವರ ಗುಂಪು. ಒಂದೇ ದಿಕ್ಕಿಗೆ ಮುಖ ಮಾಡಿ ಊಟ, ಒಂದೇ ಸಾಲಿನ ಮಂಚಗಳಲ್ಲಿ ನಿದ್ದೆ. ಹೆಣಿಗೆ ಕಲಿಯಲು ಮುಖಾಮುಖಿ ಕೂರಬೇಕು. ಎಳೆ ತಪ್ಪಿದರೆ ಪಕ್ಕದವಳನ್ನು ಕೇಳಬೇಕು. ಬಲ್ಲವಳು ಬಾರದವಳಿಗೆ ತೋರಿಸಿಕೊಡಬೇಕು. ಹೊರಗಿನಿಂದ ಬಂದ ಶ್ರೀಮಂತ ಹೆಂಗಸು ಊರಿನ ಸುದ್ದಿ ಹೇಳುತ್ತಾಳೆ. ಇಷ್ಟು ದಿನ ‘ಪಡೆಯುವವಳು’ ಮಾತ್ರ ಆಗಿದ್ದವಳು ಒಂದು ಗಂಟೆಯ ಮಟ್ಟಿಗೆ ‘ಮಾಡುವವಳು’ ಆಗುತ್ತಾಳೆ.

ಹಾಗೆಂದು ಅದನ್ನು ಹೊಗಳಿ ಮುಗಿಸುವಂತಿಲ್ಲ. ತಾನು ಹೆಣೆದ ಲೇಸಿನ ಹಣ ಆ ಮುದುಕಿಯ ಕೈಗೆ ಬರುತ್ತಿರಲಿಲ್ಲ. ವರ್ಕ್‌ಹೌಸಿನ ನಿವಾಸಿ ಕಾನೂನಿನ ಕಣ್ಣಿನಲ್ಲಿ ಭಿಕ್ಷಾರ್ಥಿ, ಗಳಿಸುವ ಹಕ್ಕಿಲ್ಲದವಳು. ಸಾಮಗ್ರಿ ಕೊಂಡು ಉಳಿದದ್ದು ಎಲ್ಲರಿಗೂ ಸೇರಿ ಒಂದು ಔತಣಕ್ಕೋ, ಸಣ್ಣಪುಟ್ಟ ಅನುಕೂಲಕ್ಕೋ ಹೋಗುತ್ತಿತ್ತು. ಏನು ಮಾಡಬೇಕೆಂದು ತೀರ್ಮಾನಿಸುತ್ತಿದ್ದವರು ಕಲಿಸಲು ಬಂದವರು, ಯಾಕೆಂದರೆ ಕೊಳ್ಳುವವರು ಅವರ ಬಳಗದವರೇ. ದಯೆ ಇತ್ತು. ಆಯ್ಕೆ ಇತ್ತೇ ಎಂದರೆ, ಅರ್ಧ ಇತ್ತು. ಆದರೆ ಬಾ ಎಂದಾಗ ಬರಲೇಬೇಕೆಂಬ ಕಟ್ಟಳೆ ಮಾತ್ರ ಇರಲಿಲ್ಲ. ಹಗ್ಗ ಬಿಡಿಸುವ ಕೋಣೆಗೂ ಲೇಸಿನ ಮೇಜಿಗೂ ನಡುವಿನ ಅಂತರ ಅದೇ.

ಕೆಲಸ ಹೋಯಿತು, ಗೋಡೆ ಉಳಿಯಿತು

1909ರ ಜನವರಿ 1ರಂದು ಬ್ರಿಟನ್ನಿನಲ್ಲಿ ವೃದ್ಧಾಪ್ಯ ವೇತನ ಜಾರಿಗೆ ಬಂತು. 70 ದಾಟಿದ ಬಡವರಿಗೆ ವಾರಕ್ಕೆ 5 ಷಿಲಿಂಗ್. ಸೂರು ಇದ್ದವರಿಗೆ, ಜೊತೆಗೆ ಯಾರಾದರೂ ಇದ್ದವರಿಗೆ ಇದರಿಂದ ವರ್ಕ್‌ಹೌಸ್ ತಪ್ಪಿತು. ಯಾರೂ ಇಲ್ಲದವರಿಗೆ, ನೋಡಿಕೊಳ್ಳುವವರು ಬೇಕಾದವರಿಗೆ ತಪ್ಪಲಿಲ್ಲ. 1913ರಲ್ಲಿ ಸರ್ಕಾರಿ ಕಾಗದಪತ್ರಗಳಿಂದ ‘ವರ್ಕ್‌ಹೌಸ್’ ಎಂಬ ಮಾತು ಹೋಗಿ ‘ಪೂರ್ ಲಾ ಸಂಸ್ಥೆ’ ಎಂದಾಯಿತು. 1930ರಲ್ಲಿ ಗಾರ್ಡಿಯನ್ ಮಂಡಳಿಗಳೂ ಹೋದವು. ಕಟ್ಟಡಗಳು ಅವೇ.

1948ರ ಜುಲೈ 5ರಂದು ರಾಷ್ಟ್ರೀಯ ನೆರವಿನ ಕಾಯಿದೆ ಜಾರಿಯಾಗಿ ಬಡವರ ಕಾನೂನು ಪೂರ್ತಿ ಅಳಿಯಿತು. ಮಂತ್ರಿ ಅನೈರಿನ್ ಬೆವನ್ ಕಂಡ ಕನಸು ದೊಡ್ಡದು. ಬೃಹತ್ ಹಜಾರಗಳ ಬದಲು ಇಪ್ಪತ್ತೈದು ಮೂವತ್ತು ಜನರ ಚಿಕ್ಕ ಮನೆಗಳು. ಮೇಲ್ವಿಚಾರಕ ಮತ್ತು ಭಿಕ್ಷಾರ್ಥಿಯ ಸಂಬಂಧ ಹೋಗಿ, ಹೋಟೆಲಿನವನಿಗೂ ಅತಿಥಿಗೂ ಇರುವಂಥ ಸಂಬಂಧ. ವಾರಕ್ಕೆ ಬರುವ 26 ಷಿಲಿಂಗ್ ಪಿಂಚಣಿಯಲ್ಲಿ 21 ಷಿಲಿಂಗ್ ವಸತಿ ಊಟಕ್ಕೆ ಕಟ್ಟಿದರೆ 5 ಷಿಲಿಂಗ್ ಅವರ ಕೈಖರ್ಚಿಗೆ. ಭಿಕ್ಷೆಯ ಕಳಂಕ ತೊಳೆಯಲೆಂದೇ ಹೂಡಿದ ಲೆಕ್ಕ ಇದು.

ಹತ್ತು ವರ್ಷದ ನಂತರ ಸಮಾಜಶಾಸ್ತ್ರಜ್ಞ ಪೀಟರ್ ಟೌನ್ಸೆಂಡ್ ಇಂಗ್ಲೆಂಡ್ ಮತ್ತು ವೇಲ್ಸಿನ 173 ವೃದ್ಧಾಶ್ರಮಗಳನ್ನು ಸುತ್ತಿ ನೋಡಿದ. 1962ರಲ್ಲಿ ಬಂದ ಅವನ ‘ದ ಲಾಸ್ಟ್ ರೆಫ್ಯೂಜ್’ ಪುಸ್ತಕ ಬೆವನ್ನನ ಕನಸನ್ನು ನೆಲಕ್ಕಿಳಿಸಿತು. ಸಾವಿರಾರು ಮುದುಕರು ಇನ್ನೂ ಹಳೆಯ ವರ್ಕ್‌ಹೌಸ್ ಕಟ್ಟಡಗಳಲ್ಲೇ ಇದ್ದರು. ಹೊಸ ಮನೆಗಳಲ್ಲೂ ಕುರ್ಚಿಗಳನ್ನು ಗೋಡೆಗೆ ಒರಗಿಸಿ ಇಟ್ಟು, ಜನ ಅದರಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಅತಿಥಿಗೆ ಕೆಲಸ ಹೇಳುವವರು ಯಾರು? ತಟ್ಟೆ ತೊಳೆಯುತ್ತೇನೆ ಎಂದರೂ ಬೇಡ ಎನ್ನುವ ಉಪಚಾರ. ದುಡಿಸಿ ಅವಮಾನ ಮಾಡಿದ ವ್ಯವಸ್ಥೆಯನ್ನು ಕಿತ್ತೊಗೆಯುವ ಭರದಲ್ಲಿ, ಕೈಯಾಡಿಸುವ ಕಾರಣವನ್ನೂ ಕಿತ್ತೊಗೆದಂತಾಗಿತ್ತು.

ವೈದ್ಯರು ಈ ಹೊತ್ತಿಗೆ ಬೇರೊಂದು ದಾರಿಯಿಂದ ಇಲ್ಲಿಗೇ ಬಂದಿದ್ದರು. 1917ರಲ್ಲಿ ಅಮೆರಿಕದಲ್ಲಿ ಔದ್ಯೋಗಿಕ ಚಿಕಿತ್ಸೆಯ ಸಂಘ ಸ್ಥಾಪನೆಯಾಗಿತ್ತು. ಯುದ್ಧದಿಂದ ಮರಳಿದ ಗಾಯಾಳುಗಳಿಗೆ ನೇಯ್ಗೆ, ಮರಗೆಲಸ ಔಷಧವಾಯಿತು. 1930ರಲ್ಲಿ ಡಾ. ಎಲಿಜಬೆತ್ ಕ್ಯಾಸನ್ ಬ್ರಿಸ್ಟಲ್‌ನ ಡಾರ್ಸೆಟ್ ಹೌಸ್‌ನಲ್ಲಿ ಇಂಗ್ಲೆಂಡಿನ ಮೊದಲ ಔದ್ಯೋಗಿಕ ಚಿಕಿತ್ಸೆಯ ಶಾಲೆ ತೆರೆದಳು. 1935ರಿಂದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಡಾ. ಮಾರ್ಜರಿ ವಾರನ್, ಪಕ್ಕದ ಹಳೆಯ ವರ್ಕ್‌ಹೌಸಿನಿಂದ ಬಂದ 700ಕ್ಕೂ ಹೆಚ್ಚು ರೋಗಿಗಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ, ವರ್ಷಗಟ್ಟಲೆ ಮಲಗಿದ್ದ ಎಷ್ಟೋ ಜನರನ್ನು ಎಬ್ಬಿಸಿ ನಡೆಸಿದಳು. ಮುಪ್ಪೇ ಒಂದು ರೋಗ, ಮಲಗುವುದೇ ಅದರ ಮದ್ದು ಎಂಬ ನಂಬಿಕೆ ಅಲ್ಲಿ ಮುರಿಯಿತು.

ಕೈಗೆಲಸದ ಒಳಗುಟ್ಟನ್ನು ಕೆದಕಿದ್ದು ಮಾತ್ರ ಕೈಗೆಲಸವೇ ಇಲ್ಲದ ಒಂದು ಪ್ರಯೋಗ. 1976ರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ನರ್ಸಿಂಗ್ ಹೋಮಿನ ಅಧ್ಯಯನ ಪ್ರಕಟಿಸಿದರು. ಒಂದು ಅಂತಸ್ತಿನವರಿಗೆ ನಿಮ್ಮ ದಿನಚರಿ ನಿಮ್ಮ ಕೈಯಲ್ಲಿದೆ ಎಂದು ಹೇಳಿ, ಬೇಕಾದರೆ ಒಂದು ಗಿಡ ಆರಿಸಿಕೊಂಡು ನೀವೇ ನೋಡಿಕೊಳ್ಳಿ ಎಂದರು. ಇನ್ನೊಂದು ಅಂತಸ್ತಿನವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ನರ್ಸುಗಳ ಕೆಲಸ ಎಂದರು. ಹದಿನೆಂಟು ತಿಂಗಳ ನಂತರ ಮೊದಲ ಗುಂಪಿನ 47 ಜನರಲ್ಲಿ 7 ಮಂದಿ, ಎರಡನೆಯ ಗುಂಪಿನ 44 ಜನರಲ್ಲಿ 13 ಮಂದಿ ತೀರಿಕೊಂಡಿದ್ದರು. ಅಧ್ಯಯನ ಚಿಕ್ಕದು. ಅದರ ಅಂಕಿಅಂಶದ ಬಗ್ಗೆ ಮುಂದೆ ವಾದಗಳೂ ನಡೆದವು. ಗಿಡ ಬದುಕಿಸಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಎರಡೂ ಗುಂಪಿಗೆ ಸಿಕ್ಕಿದ್ದು ಅದೇ ಗಿಡ, ಬೇರೆಯಾಗಿದ್ದದ್ದು ಅದು ಯಾರದು ಎಂಬ ಮಾತು ಮಾತ್ರ ಎಂಬುದನ್ನು ಆ ಮೇಲೆ ಯಾರೂ ಕಡೆಗಣಿಸಲಾಗಲಿಲ್ಲ.

ಗೆಜ್ಜೆವಸ್ತ್ರದ ಲೆಕ್ಕ

ಭಾರತಕ್ಕೆ ವರ್ಕ್‌ಹೌಸ್ ಬರಲಿಲ್ಲ. ಅದರ ತರ್ಕ ಬಂತು. ಹರ್ಕೊಮರ್ ಲಂಡನ್ನಿನಲ್ಲಿ ಚಿತ್ರ ಬರೆಯುತ್ತಿದ್ದ ಅದೇ ವರ್ಷಗಳಲ್ಲಿ ಮೈಸೂರು ಸೀಮೆ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಬೇಯುತ್ತಿತ್ತು. 1871ರಲ್ಲಿ 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಹತ್ತಿರಕ್ಕೆ ಇಳಿಯಿತು. ಬರದ ನಂತರ ಕೂತ ಆಯೋಗ 1880ರಲ್ಲಿ ಹಾಕಿಕೊಟ್ಟ ಚೌಕಟ್ಟಿನಲ್ಲಿ, ದುಡಿಯಬಲ್ಲವರಿಗೆ ಕಾಮಗಾರಿಯಲ್ಲಿ ಕೂಲಿ, ದುಡಿಯಲಾರದ ಮುದುಕರಿಗೂ ದುರ್ಬಲರಿಗೂ ಧರ್ಮದ ನೆರವು ಎಂಬ ವಿಂಗಡಣೆ ಇತ್ತು. ದುಡಿಮೆಯೇ ಅರ್ಹತೆಯ ಪರೀಕ್ಷೆ ಎಂಬ 1834ರ ಮಾತು ಕೆರೆಯ ಏರಿಯ ಮೇಲೂ ರೈಲುದಾರಿಯ ಮೇಲೂ ನಡೆಯಿತು.

ಮುದುಕರಿಗೆಂದೇ ಮನೆಗಳೂ ಆ ಕಾಲದಲ್ಲೇ ಎದ್ದವು. ಪುಣೆಯಲ್ಲಿ 1860ರ ದಶಕದಲ್ಲಿ ಡೇವಿಡ್ ಸಾಸೂನ್ ಕೊಟ್ಟ ಹಣದಿಂದ ಆರಂಭವಾದ ಅನಾಥ ಪಂಗು ಗೃಹ ಇಂದು ‘ನಿವಾರಾ’ ಎಂಬ ಹೆಸರಿನ ವೃದ್ಧಾಶ್ರಮ. ಫ್ರಾನ್ಸಿನಲ್ಲಿ 1839ರಲ್ಲಿ ಹುಟ್ಟಿದ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ 1882ರಲ್ಲಿ ಕಲ್ಕತ್ತೆಗೂ ಮುಂದೆ ಬೆಂಗಳೂರಿಗೂ ಬಂದರು. ಆದರೂ ಬಹುಪಾಲು ಮುದುಕರ ಬಾಳು ಮನೆಗಳಲ್ಲೇ ಕಳೆಯಿತು. ಕೈಗೆಲಸವೂ ಅಲ್ಲೇ ಇತ್ತು.

ಅರಳೆ ಹಿಂಜಿ ಹೂಬತ್ತಿ ಮಾಡುವುದು, ಗೌರಿಹಬ್ಬಕ್ಕೆ ಗೆಜ್ಜೆವಸ್ತ್ರ ಮಾಡಿ ಕುಂಕುಮದ ಚುಕ್ಕೆ ಇಡುವುದು, ಹಳೆಯ ಸೀರೆಗಳನ್ನು ಪದರ ಪದರ ಜೋಡಿಸಿ ಕೌದಿ ಹೊಲಿಯುವುದು. ಲಕ್ಷಬತ್ತಿಯ ಹರಕೆ ಹೊತ್ತ ಮನೆಯಲ್ಲಿ ಓಣಿಯ ಅಜ್ಜಿಯರೆಲ್ಲ ಮಧ್ಯಾಹ್ನ ಪಡಸಾಲೆಯಲ್ಲಿ ಸೇರಿ ತಿಂಗಳುಗಟ್ಟಲೆ ಬತ್ತಿ ಹೊಸೆಯುತ್ತಿದ್ದರು. ವೃದ್ಧರ ಕರಕುಶಲ ಗುಂಪು ಎಂದು ಅದಕ್ಕೆ ಯಾರೂ ಹೆಸರಿಡಲಿಲ್ಲ, ಇಡಬೇಕಾಗಿಯೂ ಇರಲಿಲ್ಲ. ಅದರಲ್ಲೂ ಎಲ್ಲವೂ ಚೆಂದವಿತ್ತೆಂದಲ್ಲ. ಎಷ್ಟೋ ಮನೆಗಳಲ್ಲಿ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದವಳು ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವಳು. ಅವಳು ಹೊಸೆದ ಬತ್ತಿ ಶುಭಕಾರ್ಯಕ್ಕೆ ಬೇಕು, ಅವಳು ಎದುರಿಗೆ ಬರಬಾರದು. ಬೇಡ ಎನ್ನುವ ದಾರಿ ಅವಳಿಗಿತ್ತೇ ಎಂದು ಕೇಳಿದರೆ ಕೆನ್ಸಿಂಗ್ಟನ್ನಿನ ಲೇಸಿನ ಮೇಜಿಗಿಂತ ಹೆಚ್ಚು ಇರಲಿಲ್ಲ.

2007ರಲ್ಲಿ ಬಂದ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆ, ಜಿಲ್ಲೆಗೊಂದರಂತೆ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮಗಳನ್ನು ಸರ್ಕಾರಗಳು ತೆರೆಯಬಹುದೆಂದು ಹೇಳಿತು. ಅಲ್ಲಿರಬೇಕಾದ ಸೌಲಭ್ಯಗಳಲ್ಲಿ ವೈದ್ಯಕೀಯ ಆರೈಕೆಯ ಜೊತೆಗೆ ಅದು ಹೆಸರಿಸುವುದು ಮನರಂಜನೆಯ ಸಾಧನಗಳನ್ನು. ಮನರಂಜನೆ ಎಂದರೆ ಬೇರೆಯವರು ಮಾಡಿ ತೋರಿಸುವುದು, ಇವರು ಕೂತು ನೋಡುವುದು. ಹಜಾರದಲ್ಲಿ ಒಂದು ಟಿವಿ ಇಟ್ಟರೆ ಆ ಸಾಲಿನ ಅಗತ್ಯ ತೀರುತ್ತದೆ. ಮುದುಕರ ಕೈಗೆ ಏನಾದರೂ ಬೇಕು ಎಂಬ ಮಾತು ಆ ಸಾಲಿನಲ್ಲಿಲ್ಲ. ಹಾಗಾಗಿ ಕರಕುಶಲದ ಗಂಟೆ ಇದ್ದರೆ ಅದು ಮೇಲ್ವಿಚಾರಕಿಯ ಆಸ್ಥೆಯಿಂದ, ಸುತ್ತಲಿನ ಕಾಲೇಜು ಹುಡುಗಿಯರ ಸೇವಾ ಗಂಟೆಯಿಂದ, ಊರಿನ ಮಹಿಳಾ ಮಂಡಳದ ಕಾಳಜಿಯಿಂದ.

ಅವರಲ್ಲಿ ಯಾರ ಕಾಳಜಿಯೂ ಸುಳ್ಳಲ್ಲ. ಬ್ರಬಜಾನ್ ಗುಂಪಿನ ಹೆಂಗಸರದೂ ಸುಳ್ಳಾಗಿರಲಿಲ್ಲ. ಆದರೆ ಅರವತ್ತು ವರ್ಷ ಮನೆ ನಡೆಸಿದವಳ ಮುಂದೆ ಮೂರನೇ ಕ್ಲಾಸಿನ ಮಕ್ಕಳ ಬಣ್ಣದ ಕಾಗದ ಇಡುವಾಗ, ಅವಳಿಗೆ ಕಸೂತಿಯ ಗೋಪುರ, ತೇರು, ನವಿಲು ಎಣಿಕೆ ತಪ್ಪದೆ ಹಾಕಲು ಬರುತ್ತದೆಯೇ ಎಂದು ಕೇಳುವವರು ಕಡಿಮೆ. ಗಣೇಶೋತ್ಸವದ ಮಳಿಗೆಯಲ್ಲಿ ಮಾರಿದ ಹೂಬತ್ತಿ ಪೊಟ್ಟಣಗಳ ಹಣ ಆಶ್ರಮದ ನಿಧಿಗೆ ಸೇರುತ್ತದೋ, ಹೊಸೆದವಳ ಹೆಸರಿನಲ್ಲಿ ಬರೆದಿಡುತ್ತಾರೋ ಎಂಬುದೂ ಒಂದೊಂದು ಕಡೆ ಒಂದೊಂದು ಥರ. ಕೈ ನಡುಗುತ್ತದೆ, ಇವತ್ತು ಬೇಡ ಎಂದವಳನ್ನು ‘ಸಹಕರಿಸುವುದಿಲ್ಲ’ ಎಂದು ಪುಸ್ತಕದಲ್ಲಿ ಗುರುತಿಸುವ ಅಭ್ಯಾಸ ಎಲ್ಲೇ ಇದ್ದರೂ, ಅದು ಹಗ್ಗದ ಕೋಣೆಯಿಂದ ಬಂದದ್ದು.

ದಿಲ್ಲಿಯಲ್ಲೋ ಹೈದರಾಬಾದಿನಲ್ಲೋ ಇರುವ ಮಗನಿಗೆ, ಮಗಳಿಗೆ, ಊರಿನ ಆಶ್ರಮದಿಂದ ವಾಟ್ಸಾಪಿನಲ್ಲಿ ಒಂದು ಫೋಟೊ ಬರುತ್ತದೆ. ಅಮ್ಮ ಕಾಗದದ ಹೂ ಹಿಡಿದು ಕೂತಿದ್ದಾರೆ, ಪಕ್ಕದಲ್ಲಿ ಇನ್ನೂ ನಾಲ್ಕು ಜನ ಅಂಥದೇ ಹೂ ಹಿಡಿದಿದ್ದಾರೆ. ಹೂ ಕಾಣುತ್ತದೆ. ಅದನ್ನು ಮಾಡಬೇಕು ಅನ್ನಿಸಿತ್ತೇ, ಪಕ್ಕದವರ ಹೆಸರು ಗೊತ್ತೇ, ಬೇರೆ ಏನಾದರೂ ಮಾಡಬೇಕೆಂದಿದ್ದರೆ ದಾರ ಸೂಜಿ ಕೊಡುತ್ತಿದ್ದರೇ ಎಂಬುದು ಫೋಟೊದಲ್ಲಿ ಕಾಣುವುದಿಲ್ಲ. ಅದನ್ನು ತಿಳಿಯಲು ಫೋನು ಮಾಡಿ ಅವರನ್ನೇ ಕೇಳಬೇಕು.